ಇರಾನಿನ ಕ್ರಾಂತಿಗೆ ಕಾರಣ ಸಿದ್ಧಾಂತವೋ, ಬೆಲೆಯೇರಿಕೆಯೋ?

1979ರಲ್ಲಿ ಇರಾನಿನ ದೊರೆ ಷಾನನ್ನು ಇಳಿಸಿ ಧರ್ಮಗುರು ಖೊಮೇನಿಯನ್ನು ಅಧಿಕಾರಕ್ಕೆ ತಂದ ಕ್ರಾಂತಿಗೆ ಕಾರಣ ಧಾರ್ಮಿಕ ಸಿದ್ಧಾಂತವೋ, ಬೆಲೆಯೇರಿಕೆಯೋ ಎಂದು ನೀವು ಕೇಳಿದ್ದೀರಿ. ಜನ ಬೀದಿಗಿಳಿದದ್ದಕ್ಕೆ ಕಾರಣ ಸಿದ್ಧಾಂತ ಎಂದು ನಾನು ಹೇಳಲಾರೆ. ಆದರೆ ಕೊನೆಗೆ ಅಧಿಕಾರ ಯಾರ ಕೈಗೆ ಹೋಯಿತು ಎನ್ನುವುದನ್ನು ಸಿದ್ಧಾಂತ ಬಿಟ್ಟು ವಿವರಿಸಲು ಆಗದು.

ಧರ್ಮಶಾಸ್ತ್ರ ಬಲ್ಲವನೇ ರಾಜ್ಯ ಆಳಬೇಕೆಂಬ 'ವಿಲಾಯತೆ ಫಕೀಹ್' ವಾದವನ್ನು ಗಡಿಪಾರಾಗಿದ್ದ ಖೊಮೇನಿ ಇರಾಕಿನ ನಜಫ್‌ನಲ್ಲಿ ಬೋಧಿಸಿದ್ದು 1970ರಲ್ಲಿ. ಅದರಿಂದ ಷಾನ ಗಾದಿಯೇನೂ ಅಲುಗಲಿಲ್ಲ. 1973ರಲ್ಲಿ ತೈಲದ ಬೆಲೆ ಏರಿ ಹಣ ಹರಿದುಬಂತು, ಹಿಂದೆಯೇ ಹಣದುಬ್ಬರವೂ ಬಂತು. ಷಾ 1975ರಲ್ಲಿ ಅದನ್ನು ಬಜಾರಿನ ವರ್ತಕರ ತಲೆಗೆ ಕಟ್ಟಿ ದಂಡ ಹಾಕಿಸಿದ, ಜೈಲಿಗೆ ಕಳಿಸಿದ. ಮಸೀದಿ, ಮದರಸಾಗಳಿಗೆ ದೇಣಿಗೆ ಕೊಡುತ್ತಿದ್ದವರೂ ಇದೇ ವರ್ತಕರು! 1977ರಲ್ಲಿ ಸರ್ಕಾರ ಖರ್ಚಿಗೆ ಕತ್ತರಿ ಹಾಕಿದಾಗ ಕಟ್ಟಡ ಕೂಲಿಗಳಿಗೂ ಕೆಲಸ ತಪ್ಪಿತು.

1978ರ ಜನವರಿ 7ರಂದು ಪತ್ರಿಕೆಯೊಂದು ಖೊಮೇನಿಯನ್ನು ಹೀಗಳೆದು ಲೇಖನ ಹಾಕಿತು. 9ರಂದು ಕೋಮ್ ನಗರದಲ್ಲಿ ಅದನ್ನು ಪ್ರತಿಭಟಿಸಿದವರ ಮೇಲೆ ಗೋಲಿಬಾರ್, ಸಾವು. ಶಿಯಾಗಳು ಸತ್ತವರಿಗೆ 40ನೇ ದಿನ ಶೋಕ ಆಚರಿಸುತ್ತಾರೆ. ಫೆಬ್ರವರಿ 18ರಂದು ತಬ್ರೀಜ್‌ನಲ್ಲಿ ಆ ಆಚರಣೆ, ಅಲ್ಲೂ ಸಾವು. ಮಾರ್ಚ್ ಕೊನೆಗೆ ಯಜ್ದ್, ಮತ್ತೆ ಸಾವು. ಯಾರೂ ಕರಪತ್ರ ಹಂಚದಿದ್ದರೂ ಮುಂದಿನ ದಿನಾಂಕ ಎಲ್ಲರಿಗೂ ಗೊತ್ತಿರುತ್ತಿತ್ತು. ಆ ಡಿಸೆಂಬರಿನ ಮೊಹರಂನಲ್ಲಂತೂ ಟೆಹರಾನಿನ ಬೀದಿಗಳು ತುಂಬಿಹೋದವು. ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರ ಸಾವಿಗೆ ಕಾರಣನಾದ ದೊರೆ ಯಜೀದ್; ಜನರ ಕಣ್ಣಿಗೆ ಈಗ ಷಾನೇ ಆ ಯಜೀದ್ ಆಗಿಬಿಟ್ಟಿದ್ದ. (ನಮ್ಮ ಉತ್ತರ ಕರ್ನಾಟಕದ ಮೊಹರಂ ಹಾಡುಗಳಾದ ರಿವಾಯತ್ ಪದ ಕೇಳಿದವರಿಗೆ ಈ ಕಥೆ ಹೊಸದಲ್ಲ.)

ಆದರೆ ಶೋಕದ ಈ ಸರಣಿ ಜೂನ್‌ನಲ್ಲೇ ಮುರಿದಿತ್ತು: ಮನೆಯಲ್ಲೇ ಇದ್ದು ಆಚರಿಸಿ ಎಂದು ಹಿರಿಯ ಧರ್ಮಗುರುಗಳು ಹೇಳಿದರು, ಜನ ಕೇಳಿದರು. ಸರ್ಕಾರದ ಕೈಕಾಲು ಕಟ್ಟಿದ್ದು ಅಕ್ಟೋಬರಿನ ತೈಲ ಕಾರ್ಮಿಕರ ಮುಷ್ಕರ. ದಿನಕ್ಕೆ ಸುಮಾರು 60 ಲಕ್ಷ ಬ್ಯಾರೆಲ್ ಇದ್ದ ಉತ್ಪಾದನೆ ಕೆಲವೇ ವಾರಗಳಲ್ಲಿ ಕಾಲುಭಾಗದ ಆಸುಪಾಸಿಗೆ ಇಳಿಯಿತು. ಆ ಕಾರ್ಮಿಕರ ಮೊದಲ ಬೇಡಿಕೆಗಳಲ್ಲಿ ಸಂಬಳವೂ ಇತ್ತು, ಅವರಲ್ಲಿ ಎಡಪಂಥೀಯರೂ ಬಹಳ. 1979ರ ಜನವರಿ 16ಕ್ಕೆ ಷಾ ದೇಶ ಬಿಟ್ಟ. ಫೆಬ್ರವರಿ 11ಕ್ಕೆ ಸೇನೆ ತಾನು ತಟಸ್ಥ ಎಂದಿತು, ಅಲ್ಲಿಗೆ ಷಾನ ಆಡಳಿತ ಮುಗಿಯಿತು.

ಮೆರವಣಿಗೆಯಲ್ಲಿದ್ದವರಲ್ಲಿ ಎಷ್ಟು ಜನ ವಿಲಾಯತೆ ಫಕೀಹ್ ಬಯಸಿದ್ದರು? ಬಹುಪಾಲು ಜನರಿಗೆ ಅದರ ವಿವರವೇ ತಿಳಿದಿರಲಿಕ್ಕಿಲ್ಲ. ಪ್ಯಾರಿಸ್ ಬಳಿ ಇದ್ದಾಗ ಖೊಮೇನಿ ಅದನ್ನು ಮುಂದೆ ಮಾಡಲೂ ಇಲ್ಲ. 1979ರ ಜೂನ್‌ನಲ್ಲಿ ಪ್ರಕಟವಾದ ಸಂವಿಧಾನದ ಕರಡಿನಲ್ಲೂ ಅದು ಇರಲಿಲ್ಲ. ಕರಡನ್ನು ಅಂತಿಮಗೊಳಿಸಲು ಚುನಾಯಿತವಾಗಿದ್ದ, ಧರ್ಮಗುರುಗಳೇ ಬಹುಸಂಖ್ಯಾತರಾಗಿದ್ದ ತಜ್ಞರ ಸಭೆ ಆಮೇಲೆ ಅದನ್ನು ಸೇರಿಸಿತು, ಡಿಸೆಂಬರಿನ ಜನಮತಗಣನೆಯಲ್ಲಿ ಅದು ಪಾಸಾಯಿತು.