ತಂತಿ ಎಳೆದ ಮನೆಗೆ ಬ್ಯಾಟರಿ ಅಲಾರಂ ಹಾಕಬೇಡಿ

ನ್ಯೂಜೆರ್ಸಿಯಲ್ಲಿ ಮನೆ ಮಾರುವ, ಬಾಡಿಗೆಗೆ ಕೊಡುವ ಕನ್ನಡಿಗರಿಂದ ಒಂದೇ ವಿಷಯದ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಂದು ಅಥವಾ ಎರಡು ಕುಟುಂಬ ವಾಸಿಸುವ ಮನೆಯಲ್ಲಿ ವಾಸಿಗಳು ಬದಲಾಗುವ ಮುನ್ನ ಸ್ಮೋಕ್ ಅಲಾರಂ, ಕಾರ್ಬನ್ ಮೊನಾಕ್ಸೈಡ್ (ಇಂಧನ ಉರಿದಾಗ ಹೊರಡುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ, ಫೈರ್ ಎಕ್ಸ್‌ಟಿಂಗ್ವಿಶರ್ ಈ ಮೂರಕ್ಕೂ ಸೇರಿ ಒಂದು ಸರ್ಟಿಫಿಕೇಟ್ ಪಡೆಯಬೇಕು. ಅರ್ಜಿಯನ್ನು ಎಲ್ಲಿ ಹಾಕಬೇಕೆಂದು ನಿಮ್ಮ ಟೌನ್‌ಶಿಪ್‌ನ ಫೈರ್ ಪ್ರಿವೆನ್ಶನ್ ಬ್ಯೂರೋಗೆ ಒಂದು ಫೋನ್ ಮಾಡಿದರೆ ಹೇಳುತ್ತಾರೆ. ಅದನ್ನು ದಯವಿಟ್ಟು ಇಲ್ಲಿ ಕೇಳಬೇಡಿ.

ಪ್ರಶ್ನೆ: ನಮ್ಮದು 1998ರಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆ, ಕೆಳಗೆ ಬೇಸ್‌ಮೆಂಟ್ ಇದೆ. ಮಾರುವ ಮುನ್ನ ಹಳೆಯ ಅಲಾರಂಗಳನ್ನೆಲ್ಲ ತೆಗೆಸಿ, ಹೊಸ ಕಾನೂನಿನ ಪ್ರಕಾರ 10 ವರ್ಷದ ಸೀಲ್ಡ್ (ಬಿಚ್ಚಿ ತೆಗೆಯಲಾಗದ) ಬ್ಯಾಟರಿಯ ಅಲಾರಂ ಹಾಕಿಸಿದೆವು. ಇನ್ಸ್‌ಪೆಕ್ಟರ್ ಫೇಲ್ ಮಾಡಿ ಹೋದರು. ಎಲ್ಲವೂ ಹೊಚ್ಚ ಹೊಸವು, ಎಲ್ಲವೂ ಕೂಗುತ್ತವೆ. ತಪ್ಪೇನು?

ಇದ್ದ ತಂತಿಯ, ಅಂದರೆ ಮನೆಯ ಕರೆಂಟಿನಿಂದ ನಡೆಯುವ ಅಲಾರಂಗಳನ್ನು ಕಿತ್ತದ್ದೇ ತಪ್ಪು. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ "ಎಲ್ಲರೂ 10 ವರ್ಷದ ಬ್ಯಾಟರಿ ಹಾಕಲೇಬೇಕು" ಎಂಬ ಸಂದೇಶ ಅರ್ಧ ಸತ್ಯ. 2019ರ ಜನವರಿ 1ರಿಂದ ಬಂದ ಆ ನಿಯಮ, ಅಲ್ಲಿಯವರೆಗೆ ಮಾಮೂಲಿ ಬ್ಯಾಟರಿ ಅಲಾರಂ ಸಾಕಾಗಿದ್ದ ಹಳೆಯ ಮನೆಗಳಿಗೆ ಸಂಬಂಧಿಸಿದ್ದು. 9 ವೋಲ್ಟ್ ಬ್ಯಾಟರಿಯನ್ನು ಜನ ಕಿತ್ತು ಟಿವಿ ರಿಮೋಟಿನ ಪಕ್ಕ ಇಡುತ್ತಿದ್ದರಲ್ಲ, ಅದನ್ನು ತಪ್ಪಿಸಲು ಬಂದದ್ದು. ರಾಜ್ಯದ ಏಕರೂಪ ಕಟ್ಟಡ ಸಂಹಿತೆ (ಯೂನಿಫಾರ್ಮ್ ಕನ್‌ಸ್ಟ್ರಕ್ಷನ್ ಕೋಡ್) ಜಾರಿಗೆ ಬಂದದ್ದು 1977ರ ಜನವರಿಯಲ್ಲಿ. ಅಲ್ಲಿಂದೀಚಿನ ಮನೆಗಳಲ್ಲಿ ಕಟ್ಟಿದ ಕಾಲದ ಸಂಹಿತೆ ಏನು ಕೇಳಿತ್ತೋ ಅದು ಹಾಗೆಯೇ ಉಳಿಯಬೇಕು. ಕಟ್ಟುವಾಗ ಅಥವಾ ನವೀಕರಿಸುವಾಗ ಕರೆಂಟಿನ ಅಲಾರಂ ಹಾಕಿದ್ದರೆ ಅದನ್ನು ತೆಗೆದು ಬ್ಯಾಟರಿಯದನ್ನು ಹಾಕುವಂತಿಲ್ಲ ಎಂದು ಅದೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ನಿಮಗೆ ಸಂದೇಶ ಕಳಿಸಿದವರು ಅಷ್ಟು ದೂರ ಓದಿಲ್ಲ.

ಕಾರಣವೂ ಇದೆ. ತಂತಿಯಿಂದ ಜೋಡಿಸಿದ ಮನೆಯಲ್ಲಿ ಬೇಸ್‌ಮೆಂಟಿನ ಫರ್ನೇಸ್ ಪಕ್ಕ ಹೊಗೆ ಎದ್ದರೆ ಮೇಲಿನ ಮಲಗುವ ಕೋಣೆಯ ಅಲಾರಂ ಕೂಡ ಕೂಗುತ್ತದೆ. ನೀವು ಹಾಕಿಸಿರುವವು ಒಂಟಿ ಅಲಾರಂಗಳು. ಕೆಳಗಿನದು ಕೂಗಿದರೆ, ಬಾಗಿಲು ಹಾಕಿ ಮಲಗಿದವರಿಗೆ ಎರಡು ಮಹಡಿ ಮೇಲೆ ಕೇಳಿಸುವ ಭರವಸೆಯಿಲ್ಲ.

ಈಗ ಸರಿಪಡಿಸುವುದು. ಸೀಲಿಂಗಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ತಂತಿ ಇರುತ್ತವೆ. ಕಪ್ಪು ಮತ್ತು ಬಿಳಿ 120 ವೋಲ್ಟಿನವು, ಕೆಂಪು ಅಲಾರಂಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ತಂತಿ. ಮೊದಲು ಬ್ರೇಕರ್ ಆಫ್ ಮಾಡಿ, ಟೆಸ್ಟರ್ ಹಿಡಿದು ಕರೆಂಟು ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಹೊಸ ಅಲಾರಂ ಜೊತೆ ಬರುವ ಪ್ಲಗ್ಗಿನ ಬಾಲದಲ್ಲೂ ಮೂರು ತಂತಿ. ಮೂರನೆಯದು ಕೆಲವು ತಯಾರಕರಲ್ಲಿ ಕೆಂಪು, ಕೆಲವರಲ್ಲಿ ಕಿತ್ತಳೆ ಅಥವಾ ಹಳದಿ, ಯಾವುದಾದರೂ ಸೀಲಿಂಗಿನ ಕೆಂಪಿಗೇ ಸೇರಬೇಕು. ತಂತಿ ಮುಟ್ಟಲು ಕೈ ನಡುಗುವವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ, ಟಿವಿ ಗೋಡೆಗೆ ಹಾಕಿಕೊಟ್ಟ ಹುಡುಗನನ್ನಲ್ಲ.

ಅಲಾರಂ ಕೊಳ್ಳುವಾಗ ಎಲ್ಲವೂ ಒಂದೇ ತಯಾರಕರವಾಗಿರಲಿ. ಮಹಡಿಯ ಮೇಲೆ ಕಿಡ್ಡೆ, ಕೆಳಗೆ ಫಸ್ಟ್ ಅಲರ್ಟ್ ಎಂದು ಬೆರೆಸಿದರೆ ಸಂಕೇತ ದಾಟದೇ ಹೋಗಬಹುದು, ಇಲ್ಲವೇ ನಡುರಾತ್ರಿ ಸುಮ್ಮಸುಮ್ಮನೆ ಕೂಗಬಹುದು. ಪ್ಲಗ್ಗುಗಳ ಆಕಾರ ಬೇರೆ ಬೇರೆ ಇರುವುದರಿಂದ, ಹಳೆಯ ಪ್ಲಗ್ ಬಿಚ್ಚದೆ ಹೊಸ ತಯಾರಕರದಕ್ಕೆ ಹೊಂದಿಸಲು ಅಡಾಪ್ಟರ್ ಸಿಗುತ್ತದೆ. ಆದರೆ ಅಡಾಪ್ಟರ್ ಇರುವುದು ಇಡೀ ಮನೆಯನ್ನು ಒಂದು ತಯಾರಕರಿಂದ ಇನ್ನೊಬ್ಬರಿಗೆ ಬದಲಾಯಿಸಲು, ಬೆರಕೆ ಮಾಡಲು ಅಲ್ಲ. ಕರೆಂಟಿನ ಜೊತೆಗೆ 10 ವರ್ಷದ ಸೀಲ್ಡ್ ಬ್ಯಾಟರಿಯನ್ನು ಬ್ಯಾಕಪ್ ಆಗಿ ಹೊಂದಿರುವ ಮಾದರಿಗಳಿವೆ. ಅವನ್ನೇ ಕೊಂಡರೆ ವಾದವೇ ಇಲ್ಲ.

ಎಲ್ಲೆಲ್ಲಿ? ಬೇಸ್‌ಮೆಂಟೂ ಸೇರಿ ಪ್ರತಿ ಮಹಡಿಯಲ್ಲಿ, ಮಲಗುವ ಕೋಣೆಗಳ ಹೊರಗೆ 10 ಅಡಿಯೊಳಗೆ. ಇದು ಎಲ್ಲ ಮನೆಗೂ ಕನಿಷ್ಠ. ನಿಮ್ಮಂಥ ಮನೆಯಲ್ಲಿ ಕೋಣೆಯೊಳಗೂ ಅಲಾರಂನ ಪೆಟ್ಟಿಗೆ ಇದ್ದರೆ ಅಲ್ಲಿಯೂ ಇರಬೇಕು. ಪೆಟ್ಟಿಗೆಗೆ ಬಿಳಿ ಮುಚ್ಚಳ ಹಾಕಿ ಬಣ್ಣ ಬಳಿದರೆ ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳುವುದಿಲ್ಲ ಎಂದುಕೊಳ್ಳಬೇಡಿ, ಅವರು ನೋಡುವುದೇ ಅದನ್ನು. ಸೀಲಿಂಗಿನ ಬದಲು ಗೋಡೆಗೆ ಹಾಕುವುದಾದರೆ ಸೀಲಿಂಗಿನಿಂದ 12 ಇಂಚಿನೊಳಗಿರಲಿ. ಫ್ಯಾನಿನ ರೆಕ್ಕೆಯ ತುದಿಯಿಂದ, ಹೀಟಿಂಗ್ ಗಾಳಿ ಬರುವ ಜಾಲರಿಯಿಂದ, ಸ್ನಾನದ ಮನೆಯ ಬಾಗಿಲಿನಿಂದ 3 ಅಡಿ ದೂರ ಇಡಿ. ಗಾಳಿ ಹೊಗೆಯನ್ನು ಅಲಾರಂನಿಂದ ಆಚೆ ತಳ್ಳುತ್ತದೆ, ಬಿಸಿನೀರಿನ ಹಬೆ ಅದನ್ನು ಸುಳ್ಳೇ ಕೂಗಿಸುತ್ತದೆ.

ಹಾಕಿ ಮುಗಿಸಿದ ಮೇಲೆ ಬ್ಯಾಟರಿಯ ಪಟ್ಟಿ ಎಳೆಯಿರಿ, ಬ್ರೇಕರ್ ಆನ್ ಮಾಡಿ, ಪ್ರತಿಯೊಂದರಲ್ಲೂ ಹಸಿರು ದೀಪ ಹೊತ್ತಿದೆಯೇ ನೋಡಿ. ಹಸಿರು ಎಂದರೆ ಕರೆಂಟು ಬರುತ್ತಿದೆ. ಆಮೇಲೆ ಒಂದರ ಟೆಸ್ಟ್ ಗುಂಡಿ ಒತ್ತಿ ಹಿಡಿಯಿರಿ, ಮನೆಯಲ್ಲಿರುವ ಎಲ್ಲವೂ ಕೂಗಬೇಕು. ಒಂದು ಮಾತ್ರ ಸುಮ್ಮನಿದ್ದರೆ ಆ ಪೆಟ್ಟಿಗೆಯ ಕೆಂಪು ತಂತಿ ಸಡಿಲ, ಅಥವಾ ಅದು ಬೇರೆ ತಯಾರಕರದು. ಒಂದು ಜಾಗದಿಂದ ಮುಂದಿನವೆಲ್ಲ ಸುಮ್ಮನಿದ್ದರೆ, ತಂತಿ ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗಿರುವುದರಿಂದ, ಕೊನೆಗೆ ಕೂಗಿದ್ದರ ಮತ್ತು ಮೊದಲು ಸುಮ್ಮನಾದದ್ದರ ಪೆಟ್ಟಿಗೆ ಎರಡನ್ನೂ ಬಿಚ್ಚಿ ನೋಡಿ. ಬಳಿಕ ಬೇರೆ ಮಹಡಿಯ ಇನ್ನೊಂದರಿಂದಲೂ ಒತ್ತಿ ಪರೀಕ್ಷಿಸಿ. ಸಂಕೇತ ಕೇಳಿಸಿಕೊಳ್ಳುವ, ಆದರೆ ಕಳಿಸಲಾರದ ಅಲಾರಂಗಳೂ ಇರುತ್ತವೆ.

ಇನ್ನೊಂದು, ದಿನಾಂಕ. ಮನೆಯಲ್ಲಿ ಉಳಿಸಿಕೊಂಡ ಯಾವ ಅಲಾರಂ ಇದ್ದರೂ ತಿರುಗಿಸಿ ಹಿಂಬದಿ ಓದಿ. ಸ್ಮೋಕ್ ಅಲಾರಂಗೆ ತಯಾರಾದ ದಿನದಿಂದ 10 ವರ್ಷ. ನೀವು ಕೊಂಡ ದಿನದಿಂದಲ್ಲ, ಹಾಕಿದ ದಿನದಿಂದಲೂ ಅಲ್ಲ. ದಿನಾಂಕವೇ ಇಲ್ಲದಿದ್ದರೆ ಯೋಚಿಸದೆ ಎಸೆಯಿರಿ. ಟೆಸ್ಟ್ ಗುಂಡಿ ಪರೀಕ್ಷಿಸುವುದು ಮುಖ್ಯವಾಗಿ ಕರೆಂಟು ಮತ್ತು ಕೂಗುವ ಭಾಗವನ್ನು, ಹೊಗೆ ಗುರುತಿಸುವ ಭಾಗವನ್ನಲ್ಲ. "ಕೂಗುತ್ತದಲ್ಲ" ಎಂಬ ವಾದ ಅದಕ್ಕೇ ನಿಲ್ಲುವುದಿಲ್ಲ.

ಪ್ರಶ್ನೆ: ಊದಿನಕಡ್ಡಿ ಹಿಡಿದು ಪರೀಕ್ಷೆ ಮಾಡಬಹುದೇ?

ಬೇಡ. ಒಳಗೆ ಜಿಡ್ಡು ಕೂರುತ್ತದೆ, ಬೆಂಕಿಯನ್ನು ಅಲಾರಂ ಹತ್ತಿರ ಹಿಡಿಯುವುದನ್ನು ತಯಾರಕರೇ ಬೇಡವೆನ್ನುತ್ತಾರೆ. ಗುಂಡಿ ಇರುವುದು ಒತ್ತಲಿಕ್ಕೆ.

ಪ್ರಶ್ನೆ: ಒಗ್ಗರಣೆ ಹಾಕಿದರೆ ಸಾಕು, ಅಲಾರಂ ಕೂಗುತ್ತದೆ. ಶವರ್ ಕ್ಯಾಪ್ ಕಟ್ಟಿದ್ದೇವೆ. ಇನ್ಸ್‌ಪೆಕ್ಷನ್ ದಿನ ಬಿಚ್ಚಿದರೆ ಸಾಕಲ್ಲವೇ?

ಇನ್ಸ್‌ಪೆಕ್ಷನ್ ದಿನಕ್ಕೆ ಸಾಕು. ಉಳಿದ ದಿನ ನಿಮ್ಮ ಮನೆಯಲ್ಲಿ ಅಲಾರಂ ಇಲ್ಲ. ಒಣಮೆಣಸಿನಕಾಯಿಯ ಘಾಟಿಗೆ ಕೂಗುವ ಅಲಾರಂ ಕೆಟ್ಟಿಲ್ಲ, ಜಾಗ ತಪ್ಪಿದೆ ಅಥವಾ ಜಾತಿ ತಪ್ಪಿದೆ. ಒಲೆಯಿಂದ 10 ಅಡಿಯಾದರೂ ದೂರವಿರಲಿ. ಅಯಾನೀಕರಣ (ಡಬ್ಬದ ಮೇಲೆ ಅಯಾನೈಸೇಶನ್) ಮಾದರಿ ಅಡುಗೆಯ ಹೊಗೆಗೆ ಬೇಗ ಕೂಗುತ್ತದೆ, ಅಡುಗೆಮನೆಯ ಆಸುಪಾಸಿಗೆ ಬೆಳಕಿನಿಂದ ಹೊಗೆ ಗುರುತಿಸುವ ಫೋಟೋಎಲೆಕ್ಟ್ರಿಕ್ ಇರಲಿ. ಡಬ್ಬದ ಮೇಲೆ ಸ್ಮೋಕ್ ಅಲಾರಂಗಳ ಸುರಕ್ಷತಾ ಮಾನದಂಡವಾದ ಯುಎಲ್ 217, 8ನೇ ಆವೃತ್ತಿ ಅಥವಾ ಮುಂದಿನದು ಎಂದಿದ್ದರೆ, ಅಡುಗೆಯ ಹೊಗೆಗೆ ಅವಸರಪಟ್ಟು ಕೂಗದ ಪರೀಕ್ಷೆಯನ್ನು ಅದು ದಾಟಿದೆ ಎಂದರ್ಥ. ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಬಿಡುತ್ತದೋ, ಜಾಲರಿ ದಾಟಿಸಿ ಮತ್ತೆ ನಿಮ್ಮ ಮುಖಕ್ಕೇ ಬಿಡುತ್ತದೋ ಅದನ್ನೂ ನೋಡಿ. ಬಣ್ಣ ಬಳಿಸಿದವರಿಗೆ ಒಂದು ಮಾತು: ಪೇಂಟರ್ ಅಂಟಿಸಿದ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಮರೆತು ಫೇಲಾಗುವ ಮನೆಗಳೂ ಇವೆ.

ಪ್ರಶ್ನೆ: ಕಾರ್ಬನ್ ಮೊನಾಕ್ಸೈಡ್ ಭಾರವಾದ ಅನಿಲ, ಅದರ ಅಲಾರಂ ನೆಲದ ಹತ್ತಿರವೇ ಇರಬೇಕಂತೆ. ಹೌದೇ?

ಅಲ್ಲ. ಊರಿನ ಎಲ್‌ಪಿಜಿ ಪಾಠವನ್ನು ಇಲ್ಲಿಗೆ ತಂದಿದ್ದೀರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಗಾಳಿಯಷ್ಟೇ ತೂಕದ್ದು, ಸರಿಯಾಗಿ ಹೇಳಬೇಕೆಂದರೆ ಕೂದಲೆಳೆಯಷ್ಟು ಹಗುರ, ಎಲ್ಲೆಡೆ ಬೆರೆಯುತ್ತದೆ. ಸಾಕೆಟ್ಟಿಗೆ ಸಿಕ್ಕಿಸುವುದೂ ನಡೆಯುತ್ತದೆ, ಬ್ಯಾಟರಿಯದೂ ನಡೆಯುತ್ತದೆ, ಮಂಚದ ಹಿಂದೆ ಅಥವಾ ಪರದೆಯ ಮರೆಯಲ್ಲಿ ಇಡಬೇಡಿ ಅಷ್ಟೇ. ಪ್ರತಿ ಮಲಗುವ ಕೋಣೆಯ ಬಾಗಿಲಿನಿಂದ 10 ಅಡಿಯೊಳಗೆ ಇರಬೇಕು. ಇಂಧನ ಉರಿಸುವ ಯಾವ ಉಪಕರಣವೂ ಇಲ್ಲದ, ಮನೆಗಂಟಿದ ಗ್ಯಾರೇಜೂ ಇಲ್ಲದ ಮನೆಗೆ ಮಾತ್ರ ವಿನಾಯಿತಿ. ಒಲೆ ವಿದ್ಯುತ್ತಿನದು ಎಂದ ಮಾತ್ರಕ್ಕೆ ಫರ್ನೇಸ್ ಕೂಡ ವಿದ್ಯುತ್ತಿನದಾಗುವುದಿಲ್ಲ. ಗ್ಯಾಸ್ ಸೋರಿಕೆಯನ್ನು ಈ ಅಲಾರಂ ಹೇಳುವುದಿಲ್ಲ. ಆಯಸ್ಸು ಮಾದರಿಯ ಮೇಲೆ 5, 7 ಅಥವಾ 10 ವರ್ಷ. ಬಾಡಿಗೆಗೆ ಬರುವವರಿಗೆ ಇದನ್ನೂ ಹೇಳಿಕೊಡಿ: ಮೂರು ಕೂಗು, ಬಿಡುವು, ಮೂರು ಕೂಗು ಎಂದರೆ ಹೊಗೆ. ನಾಲ್ಕು ಕೂಗು, ಬಿಡುವು ಎಂದರೆ ಕಾರ್ಬನ್ ಮೊನಾಕ್ಸೈಡ್, ಎಲ್ಲರೂ ಹೊರಗೆ ಹೋಗಿ 911ಕ್ಕೆ ಕರೆ ಮಾಡಬೇಕು. ನಿಮಿಷಕ್ಕೊಮ್ಮೆ ಒಂದೇ ಚಿಲಿಪಿಲಿ ಎಂದರೆ ಬ್ಯಾಟರಿ ಅಥವಾ ಆಯಸ್ಸು ಮುಗಿದಿದೆ.

ಪ್ರಶ್ನೆ: ಎಕ್ಸ್‌ಟಿಂಗ್ವಿಶರ್ ಇದ್ದರೂ ಫೇಲಾಯಿತು.

ಯಾವುದೆಂದು ಬರೆದಿಲ್ಲ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ಪುಟ್ಟದರ ಮೇಲೆ 1ಎ:10ಬಿ:ಸಿ ಎಂದಿರುತ್ತದೆ (ಎ ಮರ-ಕಾಗದದ ಬೆಂಕಿಗೆ, ಬಿ ಎಣ್ಣೆಯಂಥ ದ್ರವದ್ದಕ್ಕೆ, ಸಿ ಕರೆಂಟಿನದಕ್ಕೆ). ಬೇಕಾದದ್ದು ಕನಿಷ್ಠ 2ಎ:10ಬಿ:ಸಿ, 10 ಪೌಂಡ್ ಮೀರಬಾರದು. "ಅಡುಗೆಮನೆಗೆಂದೇ" ಎಂದು ಮಾರುವ, ಎ ಅಕ್ಷರವೇ ಇಲ್ಲದ್ದೂ ಸಲ್ಲದು. ಅಡುಗೆಮನೆಯಿಂದ 10 ಅಡಿಯೊಳಗೆ, ಹೊರಹೋಗುವ ದಾರಿಯಲ್ಲಿ, ಜೊತೆಗೆ ಬಂದ ಕೊಂಡಿಯಿಂದಲೇ ಗೋಡೆಗೆ ತೂಗುಹಾಕಿ. ಮೇಲ್ತುದಿ ನೆಲದಿಂದ 5 ಅಡಿಗಿಂತ ಎತ್ತರ ಇರಬಾರದು, ಬಳಸುವ ವಿಧಾನ ಬರೆದ ಮುಖ ಹೊರಗೆ ಕಾಣಬೇಕು. ಸಿಂಕಿನ ಕೆಳಗೆ, ಪ್ಯಾಂಟ್ರಿಯ ಅಕ್ಕಿ ಮೂಟೆಯ ಹಿಂದೆ ಇಟ್ಟದ್ದು ಲೆಕ್ಕಕ್ಕಿಲ್ಲ. ಹೊಸದಾದರೆ 12 ತಿಂಗಳೊಳಗಿನ ರಸೀದಿ ತೋರಿಸಿ, ಹಳೆಯದಾದರೆ ರಾಜ್ಯ ಮಾನ್ಯತೆಯ ಕಂಪನಿ ಆ ಅವಧಿಯೊಳಗೆ ಕಟ್ಟಿದ ಸರ್ವಿಸ್ ಚೀಟಿ ಇರಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಮೊದಲು ಒಲೆ ಆರಿಸಿ ಮುಚ್ಚಳ ಮುಚ್ಚಿ, ನೀರು ಹಾಕಬೇಡಿ. ಹತ್ತಿರದಿಂದ ಎಕ್ಸ್‌ಟಿಂಗ್ವಿಶರ್ ಒತ್ತಿದರೆ ಎಣ್ಣೆಯೇ ಚಿಮ್ಮಿ ಹರಡುತ್ತದೆ.

ಪ್ರಶ್ನೆ: "ಪಾಸ್ ಗ್ಯಾರಂಟಿ" ಎಂದು ಹಣ ಕೇಳುವವರನ್ನು ನಂಬಬಹುದೇ?

ಸರ್ಟಿಫಿಕೇಟ್ ಕೊಡುವ ಅಧಿಕಾರ ಅವರಿಗಿಲ್ಲ. ಯಾವುದರ ಗ್ಯಾರಂಟಿ ಎಂದು ಕೇಳಿ.

ಪ್ರಶ್ನೆ: ಸಂಬಂಧಿಕರಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡುತ್ತಿದ್ದೇವೆ. ಆಗಲೂ ಬೇಕೇ?

ಬೇಕು. ನಿಯಮ ನೋಡುವುದು ವಾಸಿಗಳು ಬದಲಾದರೇ ಎಂದು, ಬಾಡಿಗೆ ಬಂತೇ ಎಂದಲ್ಲ.

ಪ್ರಶ್ನೆ: ಅಪ್ಪ-ಅಮ್ಮ ಊರಿಂದ ಬಂದಾಗ ಬೇಸ್‌ಮೆಂಟಿನಲ್ಲಿ ಮಲಗುತ್ತಿದ್ದರು. ಮಂಚ ಹಾಗೇ ಇದೆ. ತೊಂದರೆಯೇ?

ಮಂಚ ಕಂಡರೆ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಮಲಗುವ ಜಾಗಕ್ಕೆ ಹೊರಗೆ ದಾಟಬಲ್ಲ ಕಿಟಕಿ ಬೇಕು. ರಾಜ್ಯಗಳು ಆಧಾರವಾಗಿ ಇಟ್ಟುಕೊಳ್ಳುವ ಈಗಿನ ಮಾದರಿ ಕಟ್ಟಡ ಸಂಹಿತೆಯ ಅಳತೆ ಹೀಗಿದೆ: ತೆರೆದಾಗ 5.7 ಚದರ ಅಡಿ ಖಾಲಿ ಜಾಗ, ಅಗಲ 20 ಇಂಚು, ಎತ್ತರ 24 ಇಂಚಿಗೆ ಕಡಿಮೆಯಿರಬಾರದು, ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚು ಮೀರಬಾರದು. ಸೀಲಿಂಗಿಗೆ ಅಂಟಿದ ಕಿರುಕಿಟಕಿಯಿಂದ ಎಪ್ಪತ್ತರ ತಾಯಿ ಹತ್ತಿ ಹೊರಬರಲಾರರು. ಇನ್ಸ್‌ಪೆಕ್ಷನ್ ದಿನಕ್ಕೆ ಮಂಚ ಸಾಗಿಸುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ.

ಪ್ರಶ್ನೆ: ಅರ್ಜಿ ಯಾವಾಗ ಹಾಕಬೇಕು?

ಮನೆ ಕೈಬದಲಾಗುವ ದಿನಕ್ಕೆ 10 ಕೆಲಸದ ದಿನಗಳಿಗಿಂತ ಮುಂಚೆ. ರಾಜ್ಯದ ದರಪಟ್ಟಿಯಲ್ಲಿ ಹಾಗೆ ಹಾಕಿದರೆ 45 ಡಾಲರ್, 4ರಿಂದ 10 ದಿನವಿದ್ದರೆ 90, ನಾಲ್ಕಕ್ಕಿಂತ ಕಡಿಮೆಯಿದ್ದರೆ 161. ನಿಮ್ಮ ಪಟ್ಟಣದ ದರ ಬೇರೆಯಿದ್ದರೆ ಅರ್ಜಿಯಲ್ಲೇ ಇರುತ್ತದೆ. ತೀರಾ ಮುಂಚೆಯೂ ಬೇಡ, ಆರು ತಿಂಗಳಲ್ಲಿ ವಾಸಿಗಳು ಬದಲಾಗದಿದ್ದರೆ ಮತ್ತೆ ಹೊಸ ಅರ್ಜಿ. ಮತ್ತೆ, ಮನೆ ಖಾಲಿ ಮಾಡಿದ ದಿನವೇ ಕರೆಂಟು ನಿಲ್ಲಿಸಿಬಿಡುವವರಿದ್ದಾರೆ. ಕರೆಂಟಿಲ್ಲದ ಮನೆಯಲ್ಲಿ ತಂತಿಯ ಅಲಾರಂ ಪರೀಕ್ಷಿಸುವುದು ಹೇಗೆ? ಖಾತೆಯನ್ನು ಇನ್ಸ್‌ಪೆಕ್ಷನ್ ಮುಗಿಯುವವರೆಗೆ ಇಟ್ಟುಕೊಳ್ಳಿ, ಎಕ್ಸ್‌ಟಿಂಗ್ವಿಶರನ್ನು ಸಾಮಾನಿನ ಲಾರಿಗೆ ಏರಿಸಬೇಡಿ.