ಬೆರಳು ತಾಗುವ ದೃಶ್ಯದಲ್ಲಿ ನಿಂತುಹೋದ ಚಿತ್ರ

(ಗುರುತು ಸಿಗಬಾರದೆಂದು ಊರು, ಮನೆಯ ಸಂಗತಿ, ಕಥೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿನಿ ಇದನ್ನು ಓದಿ ಒಪ್ಪಿಗೆ ಕೊಟ್ಟಿದ್ದಾಳೆ.)

ಬೆಂಗಳೂರಿನಲ್ಲಿ ಅನಿಮೇಷನ್ ಪದವಿಯ ಕೊನೆಯ ವರ್ಷ ಓದುತ್ತಿದ್ದ ಹುಡುಗಿ. ಮಲೆನಾಡಿನ ಸಣ್ಣ ಪಟ್ಟಣದವಳು. ತಂದೆಗೆ ದಿನಸಿ ಅಂಗಡಿ, ಮನೆಯಲ್ಲಿ ತಾಯಿ ಮತ್ತು ಒಬ್ಬ ತಂಗಿ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಅವಳು ಹೇಳಿದ ದೂರು ಒಂದೇ: “ಮೇಡಂ, ನನಗೆ ವಿಪರೀತ ಸೋಮಾರಿತನ. ಪ್ರಾಜೆಕ್ಟ್ ಮುಗಿಸಲು ಆಗುತ್ತಿಲ್ಲ.” ವಿಚಾರಿಸಿದರೆ ರಾತ್ರಿ ಮೂರರವರೆಗೆ ನಿದ್ದೆಯಿಲ್ಲ, ಹಾಸ್ಟೆಲಿನ ಊಟ ಸೇರುವುದಿಲ್ಲ, ಮನೆಯಿಂದ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಇದು ಸೋಮಾರಿತನದ ಲಕ್ಷಣವಾಗಿರಲಿಲ್ಲ.

ಅವಳು ಮಾಡುತ್ತಿದ್ದುದು ಮಾತಿಲ್ಲದ ನಾಲ್ಕು ನಿಮಿಷದ ಕಿರುಚಿತ್ರ. ದಿನವೂ ಒಂದೇ ಬಸ್ಸಿಗೆ ಕಾಯುವ ಇಬ್ಬರು ಪಿಯುಸಿ ಹುಡುಗಿಯರು. ಒಬ್ಬಳು ಇನ್ನೊಬ್ಬಳ ಜಡೆಗೆ ಮಲ್ಲಿಗೆ ಮುಡಿಸುವಾಗ ಬೆರಳು ಕುತ್ತಿಗೆಗೆ ತಾಗುತ್ತದೆ; ತಮ್ಮ ನಡುವೆ ಇರುವುದು ಒಲವು ಎಂದು ಇಬ್ಬರಿಗೂ ಆ ಕ್ಷಣ ತಿಳಿಯುತ್ತದೆ. ಕೈಯಲ್ಲಿ ಬರೆಯುವ ಅನಿಮೇಷನ್ ಎಷ್ಟು ದುಡಿಮೆ ಬೇಡುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ, ನಾಲ್ಕು ನಿಮಿಷಕ್ಕೆ 2,880. ನೋಡುವವರು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುವ ಒಂದು ಸ್ಪರ್ಶದೊಳಗೆ ಬರೆಯುವವಳು ದಿನಗಟ್ಟಲೆ ಕುಳಿತಿರಬೇಕು. ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಬಯಕೆಯ ಎದುರು ಹಾಗೆ ಕೂರುವುದು ಸಣ್ಣ ಮಾತಲ್ಲ.

ಲ್ಯಾಪ್‌ಟಾಪಿನಲ್ಲಿ ಸ್ಟೋರಿಬೋರ್ಡ್, ಅಂದರೆ ದೃಶ್ಯಗಳನ್ನು ಸಾಲಾಗಿ ಬರೆದ ಕರಡು, ತೋರಿಸಿದಳು. ನಿಲ್ದಾಣದ ಕಲ್ಲುಬೆಂಚು, ತಗಡಿನ ಸೂರಿನಿಂದ ಇಳಿಯುವ ಮಳೆನೀರು, ಬಸ್ಸಿನ ಫಲಕ, ಎಲ್ಲವೂ ಅಚ್ಚುಕಟ್ಟು. ಮಲ್ಲಿಗೆಯ ದೃಶ್ಯದಲ್ಲಿ ಮಾತ್ರ ಇಬ್ಬರ ಮುಖವೂ ಖಾಲಿ ವೃತ್ತ. ಕಣ್ಣಿಲ್ಲ, ಬಾಯಿಲ್ಲ. “ಇಲ್ಲಿಗೆ ಬಂದರೆ ಕೈ ಓಡುವುದಿಲ್ಲ” ಎಂದಳು.

ಅವಳ ಗೈಡ್, “ಒಬ್ಬಳನ್ನು ಹುಡುಗನನ್ನಾಗಿ ಮಾಡು, ಎಲ್ಲರಿಗೂ ಹಿಡಿಸುತ್ತದೆ” ಎಂದಿದ್ದರಂತೆ. ಅವರಿಗೆ ಕೆಟ್ಟ ಉದ್ದೇಶವಿತ್ತೆಂದು ನನಗೆ ಅನ್ನಿಸುವುದಿಲ್ಲ. ಆದರೂ ಸಲಹೆ ತಪ್ಪು. ಅಮೆರಿಕದ ಫ್ಲಾರಿಡಾದಲ್ಲಿ ಇಬ್ಬರು ವಿದ್ಯಾರ್ಥಿಗಳು 2017ರಲ್ಲಿ ಮಾಡಿದ ‘ಇನ್ ಎ ಹಾರ್ಟ್‌ಬೀಟ್’ ಕಿರುಚಿತ್ರ ಮೊದಲು ಹುಡುಗ-ಹುಡುಗಿಯ ಕಥೆಯಾಗಿಯೇ ಹೊಳೆದಿತ್ತು. ಇಬ್ಬರು ಹುಡುಗರ ಕಥೆಯಾದ ಮೇಲೆ ಅದಕ್ಕೆ ಜೀವ ಬಂದಿತು. ಈ ಸಂಗತಿ ನನ್ನ ವಿದ್ಯಾರ್ಥಿನಿಗೆ ಚೆನ್ನಾಗಿ ಗೊತ್ತಿತ್ತು. “ಅವರದು ಅಮೆರಿಕ, ಮೇಡಂ. ವಾರ್ಷಿಕ ಪ್ರದರ್ಶನಕ್ಕೆ ನಮ್ಮಪ್ಪ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ” ಎಂದಳು. ಗಂಟು ಇದ್ದದ್ದು ಅಲ್ಲಿ.

ತಾನು ಹುಡುಗಿಯರನ್ನು ಪ್ರೀತಿಸುವವಳು ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದಾಗಿ ಬಹಳ ಹೊತ್ತಿನ ಮೇಲೆ. ಹಿಂದೆಯೇ ಕೇಳಿದಳು: “ಇದಕ್ಕೆ ಚಿಕಿತ್ಸೆ ಇದೆ ಅನ್ನುತ್ತಾರಲ್ಲ?” ಇಂಥ ಪ್ರಶ್ನೆಗೆ ಅನುಕಂಪದ ಮಾತು ಸಾಲದು, ಖಚಿತ ಉತ್ತರ ಬೇಕು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿದೆ. ‘ಬದಲಾಯಿಸುವ ಚಿಕಿತ್ಸೆ’ ಕೊಡುವುದು ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವೂ ಅಲ್ಲ. ಮದುವೆಗೆ ಕಾನೂನಿನ ಮಾನ್ಯತೆ 2023ರ ತೀರ್ಪಿನಲ್ಲೂ ಸಿಗಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅರ್ಧ ಸತ್ಯದ ಸಮಾಧಾನದಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. “ಎಲ್ಲಾದರೂ ಕಾಣೆಯಾಗಬೇಕು ಅನ್ನಿಸುತ್ತದೆ, ಅಷ್ಟೇ” ಎಂದಳು. ಆದರೂ ನಿದ್ದೆ ಮತ್ತು ಎದೆಬಡಿತಕ್ಕಾಗಿ ಮನೋವೈದ್ಯರ ಬಳಿ ಕಳುಹಿಸಿದೆ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. ಆ ಸೇವೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ನಾನು ಕೊಟ್ಟ ಮುಖ್ಯ ಸಲಹೆ ಇದು: ಚಿತ್ರ ಒಪ್ಪಿಸಬೇಕಾದ ದಿನಕ್ಕೂ ಮನೆಯವರಿಗೆ ಹೇಳುವ ದಿನಕ್ಕೂ ಸಂಬಂಧವಿಲ್ಲ. ಮೊದಲನೆಯದನ್ನು ಕಾಲೇಜು ಗೊತ್ತುಮಾಡುತ್ತದೆ, ಎರಡನೆಯದನ್ನು ನೀನು. ಚಿತ್ರ ಪ್ರಾಮಾಣಿಕವಾಗಿದ್ದರೆ ಸಾಕು. ಅದಕ್ಕಾಗಿ ನಿನ್ನ ಬದುಕನ್ನು ಸಾಕ್ಷಿಯಾಗಿ ನಿಲ್ಲಿಸಬೇಕಾಗಿಲ್ಲ. “ಇದು ನಿನ್ನದೇ ಕಥೆಯಾ?” ಎಂದು ಜ್ಯೂರಿಯಲ್ಲಿ, ಅಂದರೆ ಚಿತ್ರವನ್ನು ಅಳೆಯುವ ಪರೀಕ್ಷಕರಲ್ಲಿ, ಯಾರಾದರೂ ಕೇಳಿದರೆ, “ಇದು ಈ ಇಬ್ಬರು ಹುಡುಗಿಯರ ಕಥೆ” ಎಂದು ಹೇಳಿ ಸುಮ್ಮನಾಗುವ ಹಕ್ಕು ನಿನಗಿದೆ.

ಮನೆಯಲ್ಲಿ ತಿಳಿದರೆ ಏನಾಗಬಹುದು ಎಂಬುದನ್ನು ಒಂದೊಂದಾಗಿ ಕೆದಕಿದೆವು. ಹೊಡೆತದ ಭಯವಿಲ್ಲ, ಓದು ನಿಲ್ಲಿಸಿ ಗಂಡು ನೋಡಲು ಶುರುಮಾಡುವ ಭಯ ಇದೆ. ಹಾಗಾಗಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಅವಳ ಬಳಿಯೇ ಇರಬೇಕು, ತುರ್ತಿಗೆ ಉಳಿದುಕೊಳ್ಳಲು ಒಬ್ಬ ಗೆಳತಿಯ ಮನೆ ಗೊತ್ತಿರಬೇಕು ಎಂದು ತೀರ್ಮಾನಿಸಿದೆವು. ಚಿತ್ರವನ್ನು ಪಾಸ್‌ವರ್ಡ್ ಇರುವ ಲಿಂಕ್‌ನಲ್ಲಿ ಮಾತ್ರ ಇಡುವುದು, ಸಂಗೀತ ಮಾಡುವ ಗೆಳೆಯ ಸಾಮಾಜಿಕ ಜಾಲತಾಣದಲ್ಲಿ ಅವಳನ್ನು ಕೇಳದೆ ಏನನ್ನೂ ಹಾಕದಿರುವುದು, ಇವನ್ನು ಬರವಣಿಗೆಯಲ್ಲೇ ಗೊತ್ತುಮಾಡಿಕೊಂಡಳು. ಗೈಡ್ ಜೊತೆ ವಾದಕ್ಕಿಳಿಯುವ ಬದಲು ಅನಿಮ್ಯಾಟಿಕ್ (ಕರಡು ಚಿತ್ರಗಳನ್ನು ಸಮಯಕ್ಕೆ ಹೊಂದಿಸಿ ಓಡಿಸುವ ವಿಡಿಯೊ) ಮುಗಿಸಿ ತೋರಿಸು ಎಂದೆ. ತೋರಿಸಿದಳು. ಒಬ್ಬಳನ್ನು ಹುಡುಗನನ್ನಾಗಿ ಮಾಡುವ ಮಾತು ಮತ್ತೆ ಬರಲಿಲ್ಲ. ಮಳೆಯ ದೃಶ್ಯ ಉದ್ದವಾಯಿತು ಎಂಬ ಟೀಕೆ ಬಂದಿತು. ಅಂಥ ಟೀಕೆಯನ್ನು ಅವಳು ಸಂತೋಷದಿಂದಲೇ ಒಪ್ಪಿಕೊಂಡಳು.

ಚಿತ್ರವನ್ನು ಜ್ಯೂರಿಗೆ ತೋರಿಸಿದಳು. ತಂದೆ ತಾಯಿಯನ್ನು ಕರೆದದ್ದು ಗೋಡೆಗೆ ತೂಗುಹಾಕಿದ ರೇಖಾಚಿತ್ರಗಳ ಪ್ರದರ್ಶನದ ದಿನಕ್ಕೆ. ಇದನ್ನು ಹೇಡಿತನ ಎನ್ನುವವರು ಇದ್ದಾರು, ನಾನು ಒಪ್ಪುವುದಿಲ್ಲ. ಶುಲ್ಕ, ಊಟ, ಸೂರು ಮೂರಕ್ಕೂ ಮನೆಯನ್ನು ಅವಲಂಬಿಸಿದವಳು ತನ್ನ ಹೊತ್ತಿಗಾಗಿ ಕಾಯುವುದು ವಿವೇಕ. ತಂಗಿಗೆ ಮಾತ್ರ ಹಾಸ್ಟೆಲಿನಲ್ಲಿ ಕೂರಿಸಿ ಇಡೀ ಚಿತ್ರ ತೋರಿಸಿದ್ದಾಳೆ. ತಂಗಿ ಏನನ್ನೂ ಕೇಳಲಿಲ್ಲ, ಇನ್ನೊಮ್ಮೆ ಹಾಕಲು ಹೇಳಿದಳಂತೆ.

ನಿದ್ದೆ ಸುಧಾರಿಸಿದೆ. ಈಗ ಸ್ಟುಡಿಯೋಗಳಿಗೆ ಕೆಲಸದ ಅರ್ಜಿ ಹಾಕುತ್ತಿದ್ದಾಳೆ. ತನ್ನ ಕೆಲಸದ ಮಾದರಿ ತೋರಿಸುವ ಶೋರೀಲಿನಲ್ಲಿ ಮಲ್ಲಿಗೆಯ ದೃಶ್ಯ ಇರಬೇಕೋ ಬೇಡವೋ ಎಂಬುದನ್ನು ಮುಂದಿನ ಭೇಟಿಯಲ್ಲಿ ಮಾತನಾಡುತ್ತೇವೆ. ಇರಲಿ ಎಂಬ ಕಡೆಗೆ ಅವಳ ಒಲವಿದೆ.