ಫಿಯರ್ ಫ್ಯಾಕ್ಟರಿ ಮೆತ್ತಗಾಗಿದ್ದು ಎಲ್ಲಿ?

ಅಮೆರಿಕದ ಮೆಟಲ್ ಬ್ಯಾಂಡ್ ಫಿಯರ್ ಫ್ಯಾಕ್ಟರಿಯ ಎರಡು ಆಲ್ಬಂ ಕೇಳಿ, 'ಡಿಮ್ಯಾನುಫ್ಯಾಕ್ಚರ್' ಮಾಡಿದ ಬ್ಯಾಂಡೇ 'ಡಿಜಿಮಾರ್ಟಲ್' ಮಾಡಿದ್ದಾ, ರೇಡಿಯೋಗೋಸ್ಕರ ರಾಗ ಎಳೆಯೋಕೆ ಶುರು ಮಾಡಿದ್ರಾ ಅಂತ ಕೇಳಿದ್ದೀರಿ. ಮೆತ್ತಗಾದರು, ಅದು ನಿಜ. ಆದರೆ ರಾಗವನ್ನು ಸುಮ್ನೆ ಬೈಯಬೇಡಿ. ಗಾಯಕ ಬರ್ಟನ್ ಬೆಲ್ 1992ರ ಮೊದಲ ಆಲ್ಬಂನಲ್ಲೇ ಗಂಟಲು ಹರಿಯುವ ಹಾಗೆ ಅರಚುತ್ತಾ ಮಧ್ಯೆ ಥಟ್ಟನೆ ರಾಗಕ್ಕೆ ತಿರುಗುತ್ತಿದ್ದ. 1995ರ 'ಡಿಮ್ಯಾನುಫ್ಯಾಕ್ಚರ್' ಹೊತ್ತಿಗೆ ಅದೇ ಬ್ಯಾಂಡಿನ ಗುರುತಾಗಿತ್ತು.

ಬದಲಾಗಿದ್ದು ಆ ದನಿಯ ಕೆಳಗೆ. 'ಡಿಮ್ಯಾನುಫ್ಯಾಕ್ಚರ್'ನಲ್ಲಿ ರೇಮಂಡ್ ಹೆರೇರಾ ಕಿಕ್ ಡ್ರಮ್ ಮತ್ತು ಡೀನೋ ಕಜಾರೆಸ್ ಗಿಟಾರ್ ಒಂದೇ ಕ್ಷಣಕ್ಕೆ ಬೀಳುತ್ತವೆ, ಹೊಲಿಗೆ ಮೆಷಿನ್ ಓಡಿದ ಹಾಗೆ, ಮತ್ತೆ ಬೆಲ್ ರಾಗವಾಗಿ ಹಾಡುವಾಗಲೂ ಎಷ್ಟೋ ಕಡೆ ಆ ಓಟ ನಿಲ್ಲುವುದಿಲ್ಲ. ಅದಕ್ಕೇ ಅಲ್ಲಿ ರಾಗ ಕೇಳಿದರೂ ಮೈ ಜುಮ್ಮೆನ್ನುತ್ತದೆ. 2001ರ 'ಡಿಜಿಮಾರ್ಟಲ್'ನಲ್ಲಿ ಕೋರಸ್ ಬಂತು ಅಂದರೆ ಡ್ರಮ್ಸು, ಗಿಟಾರು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಹಾಡುಗಳೂ ಬಹುಪಾಲು ಮೂರರಿಂದ ನಾಲ್ಕು ನಿಮಿಷದೊಳಗೇ ಮುಗಿಯುತ್ತವೆ. ಕೀಬೋರ್ಡು, ಸ್ಯಾಂಪಲ್ಲು ಏನೂ ಕಡಿಮೆಯಾಗಿಲ್ಲ, ಎಲೆಕ್ಟ್ರಾನಿಕ್ ಬ್ಯಾಂಡ್ ಫ್ರಂಟ್ ಲೈನ್ ಅಸೆಂಬ್ಲಿಯ ರೀಸ್ ಫಲ್ಬರ್ ಎರಡೂ ಆಲ್ಬಂನಲ್ಲಿ ಇದ್ದಾನೆ.

ಯಾಕೆ ಹೀಗಾಯ್ತು ಅಂದರೆ, ಇವೆರಡರ ನಡುವಿನ 1998ರ ಆಲ್ಬಂ 'ಆಬ್ಸೊಲೀಟ್' ನೋಡಿ. ಬ್ರಿಟಿಷ್ ಗಾಯಕ ಗ್ಯಾರಿ ನ್ಯೂಮನ್‌ನ 1979ರ 'ಕಾರ್ಸ್' ಹಾಡನ್ನು ಅವನನ್ನೇ ಕರೆದು ಹಾಡಿಸಿ ಆ ಆಲ್ಬಂಗೆ ಆಮೇಲೆ ಸೇರಿಸಿದರು. ರೇಡಿಯೋದಲ್ಲಿ ಓಡಿತು, ಆಲ್ಬಂ ಅಮೆರಿಕದಲ್ಲಿ 5 ಲಕ್ಷ ದಾಟಿ ಗೋಲ್ಡ್ ಆಯಿತು. ಇವರದೇ ಲೇಬಲ್ ರೋಡ್‌ರನ್ನರ್‌ನಲ್ಲಿ ಸ್ಲಿಪ್‌ನಾಟ್ ಬ್ಯಾಂಡಿನ ಮೊದಲ ಆಲ್ಬಂ 10 ಲಕ್ಷ ದಾಟಿತ್ತು, ಎಲ್ಲಿ ನೋಡಿದರೂ ಹಿಪ್‌ಹಾಪ್ ಬೆರೆತ ಮೆಟಲ್, ಅಂದರೆ 'ನು ಮೆಟಲ್' (nu metal). ಇಷ್ಟೆಲ್ಲ ಕಣ್ಣೆದುರಿಗೇ ಇರುವಾಗ ಮುಂದಿನ 'ಡಿಜಿಮಾರ್ಟಲ್' ಯಾವ ಕಡೆ ವಾಲುತ್ತೆ ಅಂತ ಬೇರೆ ಹೇಳಬೇಕಾ? ಅದರಲ್ಲಿ ಹಿಪ್‌ಹಾಪ್ ತಂಡ ಸೈಪ್ರೆಸ್ ಹಿಲ್‌ನ ಬಿ-ರಿಯಲ್ ಬಂದು ರ್‍ಯಾಪ್ ಮಾಡುವ ಹಾಡಂತೂ ಆ ವರ್ಷದ ಫ್ಯಾಷನ್ ಅಷ್ಟೇ, ನಾನು ಇವತ್ತಿಗೂ ಸ್ಕಿಪ್ ಮಾಡುತ್ತೇನೆ. ಅದೇ ಆಲ್ಬಂನ 'ಲಿಂಚ್‌ಪಿನ್' ಹಾಡು ಮಾತ್ರ ಬಿಡಬೇಡಿ, ಅದು ನಿಜವಾಗಿಯೂ ಚೆನ್ನಾಗಿದೆ.

2002ರಲ್ಲಿ ಬ್ಯಾಂಡೇ ಒಡೆಯಿತು. ಮತ್ತೆ ಸೇರಿದಾಗ ಕಜಾರೆಸ್ ಇರಲಿಲ್ಲ, ಅವನು ವಾಪಸ್ ಬಂದ ಮೇಲೆ 2010ರಲ್ಲಿ 'ಮೆಕನೈಜ್' ಆಲ್ಬಂ ಬಂತು, ಡ್ರಮ್ಸ್‌ಗೆ ಜೀನ್ ಹೋಗ್ಲನ್. 'ಡಿಜಿಮಾರ್ಟಲ್' ಆದಮೇಲೆ ನೇರ ಅದನ್ನೇ ಕೇಳಿ. ಅದರಲ್ಲೂ ರಾಗ ಬೇಕಾದಷ್ಟಿದೆ, ಕೊನೆಯ 'ಫೈನಲ್ ಎಕ್ಸಿಟ್' ಪೂರ್ತಿ ಎಂಟು ನಿಮಿಷದ ಹಾಡು. ಅದನ್ನು ಕೇಳಿ ಮೆತ್ತಗಾದರು ಅಂತ ಯಾರಾದರೂ ಅಂದಿದ್ದು ನಾನಂತೂ ಕೇಳಿಲ್ಲ.